ಕಂಪ್ಯೂಟರ್ ಚುರುಕಾಗಿರಲು ಏನು ಮಾಡಬೇಕು, ಏನು ಮಾಡಬಾರದು

ಮುಂದೆ ಓದುವ ಮುಂಚೆ ನಿಮ್ಮ ವಿಂಡೋಸ್ ಕಂಪ್ಯೂಟರ್‌ನಲ್ಲಿ ಒಂದು ಸಣ್ಣ ವಿಷಯ ನೋಡಿಬಿಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರು ಕೀಗಳನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅಲ್ಲಿ ‘ಪರ್ಫಾರ್ಮೆನ್ಸ್’, ಅದರೊಳಗೆ ‘ಸಿಪಿಯು’ ಆರಿಸಿ. ಕೆಳಗಡೆ ‘ಅಪ್ ಟೈಮ್’ ಎಂದು ಇರುತ್ತದೆ. ವಿಂಡೋಸ್ ಕೊನೆಯ ಸಲ ಹೊಸದಾಗಿ ಶುರುವಾಗಿ ಎಷ್ಟು ಹೊತ್ತಾಯಿತು ಎಂಬ ಲೆಕ್ಕ ಅದು. ದಿನಾ ರಾತ್ರಿ ತಪ್ಪದೆ ಶಟ್‌ಡೌನ್ ಮಾಡುವವರಿಗೂ ಅಲ್ಲಿ ಹತ್ತು ದಿನ, ಇಪ್ಪತ್ತು ದಿನ ಎಂದು ಕಾಣಿಸುವುದುಂಟು.

ಲೆಕ್ಕ ತಪ್ಪಿಲ್ಲ. ವಿಂಡೋಸ್ 8ರ ಜೊತೆ ಬಂದ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡು ಇದಕ್ಕೆ ಕಾರಣ. ಶಟ್‌ಡೌನ್ ಕೊಟ್ಟಾಗ ನೀವು ತೆರೆದಿದ್ದ ಪ್ರೋಗ್ರಾಂಗಳೆಲ್ಲ ಮುಚ್ಚುತ್ತವೆ, ನಿಜ. ಆದರೆ ವಿಂಡೋಸ್‌ನ ಒಳತಿರುಳು, ಅಂದರೆ ಕರ್ನೆಲ್ ಮತ್ತು ಡ್ರೈವರ್‌ಗಳು (ಪ್ರಿಂಟರ್, ವೈಫೈನಂಥ ಭಾಗಗಳನ್ನು ನಡೆಸುವ ಸಾಫ್ಟ್‌ವೇರ್), ಪೂರ್ತಿ ಮುಚ್ಚುವುದಿಲ್ಲ. ಇದ್ದ ಸ್ಥಿತಿಯಲ್ಲೇ ಅವು ಡಿಸ್ಕ್‌ಗೆ ಇಳಿಯುತ್ತವೆ. ಮರುದಿನ ಪವರ್ ಬಟನ್ ಒತ್ತಿದಾಗ ಅದೇ ಸ್ಥಿತಿ ಮತ್ತೆ ಮೇಲೆ ಬರುತ್ತದೆ. ಹೀಗಾಗಿ ಕಂಪ್ಯೂಟರ್ ಬೇಗ ಶುರುವಾಗುತ್ತದೆ. ಆದರೆ ನಿನ್ನೆ ಯಾವುದೋ ಡ್ರೈವರ್ ತೊಡಕು ಮಾಡಿಕೊಂಡಿದ್ದರೆ ಅದೂ ಜೊತೆಗೇ ಬರುತ್ತದೆ.

ರೀಸ್ಟಾರ್ಟ್ ಹಾಗಲ್ಲ. ಅದು ಎಲ್ಲವನ್ನೂ ಮುಚ್ಚಿ, ಮೊದಲಿನಿಂದ ಶುರು ಮಾಡುತ್ತದೆ. ವಾರಕ್ಕೊಮ್ಮೆ ಶಟ್‌ಡೌನ್ ಬದಲು ರೀಸ್ಟಾರ್ಟ್ ಮಾಡಿ. ಈ ಲೇಖನದಿಂದ ಒಂದೇ ಒಂದು ಅಭ್ಯಾಸ ಇಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಪ್ರಿಂಟರ್ ಸಿಗುತ್ತಿಲ್ಲ, ವೈಫೈ ಕೈಕೊಟ್ಟಿದೆ, ಸ್ಪೀಕರ್ ಸುಮ್ಮನಾಗಿದೆ ಎಂಬಂಥ ಎಷ್ಟೋ ತೊಂದರೆಗಳು ಇಷ್ಟಕ್ಕೇ ಹೋಗುತ್ತವೆ.

ಕಂಪ್ಯೂಟರ್ ನಿಧಾನವಾದಾಗ ಏನಾದರೂ ‘ಕ್ಲೀನರ್’ ಹಾಕಬೇಕು ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಇಂದಿನ ಆಪರೇಟಿಂಗ್ ಸಿಸ್ಟಂಗಳು ತಮ್ಮ ನಿರ್ವಹಣೆಯ ಹೆಚ್ಚಿನ ಪಾಲನ್ನು ತಾವೇ ಮಾಡಿಕೊಳ್ಳುತ್ತವೆ. ವಿಂಡೋಸ್‌ನಲ್ಲಿ ಇದಕ್ಕಾಗಿಯೇ ‘ಆಟೊಮ್ಯಾಟಿಕ್ ಮೇಂಟೆನೆನ್ಸ್’ ಎಂಬ ಕೆಲಸವಿದೆ. ನಾವು ಬದಲಾಯಿಸದಿದ್ದರೆ ಅದರ ಸಮಯ ಬೆಳಗಿನ ಜಾವ 2 ಗಂಟೆ. ಆಗ ಕಂಪ್ಯೂಟರ್ ಆಫ್ ಆಗಿದ್ದರೆ, ಮುಂದೆ ಯಾವಾಗ ಕರೆಂಟಿಗೆ ಜೋಡಿಸಿ ಖಾಲಿ ಬಿಟ್ಟಿರುತ್ತೀರೋ ಆಗ ಅದು ನಡೆಯುತ್ತದೆ. ಬ್ಯಾಟರಿಯಲ್ಲೇ ಬಳಸಿ, ಕೆಲಸ ಮುಗಿದ ತಕ್ಷಣ ಮಡಚಿಡುವ ಲ್ಯಾಪ್‌ಟಾಪ್‌ಗೆ ಈ ಬಿಡುವೇ ಸಿಗುವುದಿಲ್ಲ. ಅಂಥ ಲ್ಯಾಪ್‌ಟಾಪನ್ನು ವಾರಕ್ಕೊಂದು ಸಲವಾದರೂ ಚಾರ್ಜರ್‌ಗೆ ಹಾಕಿ, ಆನ್ ಮಾಡಿ, ನಿದ್ರೆಗೆ ಜಾರದಂತೆ ಒಂದೆರಡು ಗಂಟೆ ಸುಮ್ನೆ ಬಿಡಿ. ನಮ್ಮ ಪಾಲಿನ ಕೆಲಸ ಮುಖ್ಯವಾಗಿ ಇದೇ: ಸಿಸ್ಟಂಗೆ ಸಮಯ ಕೊಡುವುದು, ಜಾಗ ಕೊಡುವುದು, ಅದರ ಕೆಲಸಕ್ಕೆ ಅಡ್ಡ ಬರದಿರುವುದು.

ಹಂತ 1: ಎಲ್ಲಕ್ಕಿಂತ ಮೊದಲು ಬ್ಯಾಕಪ್

ಏನನ್ನೂ ಅಳಿಸುವ ಮುಂಚೆ, ಏನನ್ನೂ ಬದಲಾಯಿಸುವ ಮುಂಚೆ ಇದು ಆಗಬೇಕು. ವಿಂಡೋಸ್ ಹಾಳಾದರೆ ಮತ್ತೆ ಹಾಕಿಕೊಳ್ಳಬಹುದು. ಫೋಟೊ, ಪ್ರಮಾಣಪತ್ರ, ಲೆಕ್ಕಪತ್ರ ಹೋದರೆ ಮತ್ತೆ ಬರುವುದಿಲ್ಲ.

ಬಹುಕಾಲದಿಂದ ಚಾಲ್ತಿಯಲ್ಲಿರುವ ನಿಯಮವೊಂದಿದೆ: 3-2-1. ಮುಖ್ಯವಾದ ಕಡತದ 3 ಪ್ರತಿಗಳಿರಲಿ. ಅವು 2 ಬಗೆಯ ಸಾಧನಗಳಲ್ಲಿರಲಿ. 1 ಪ್ರತಿ ಬೇರೆ ಜಾಗದಲ್ಲಿರಲಿ. ಮನೆಯ ಮಟ್ಟಿಗೆ ಇದನ್ನು ಹೀಗೆ ಮಾಡಿಕೊಳ್ಳಬಹುದು. ಕಂಪ್ಯೂಟರ್‌ನಲ್ಲಿರುವುದು ಒಂದು, ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಲ್ಲಿ ಇನ್ನೊಂದು, ಕ್ಲೌಡ್‌ನಲ್ಲಿ ಮತ್ತೊಂದು. ಕಂಟ್ರೋಲ್ ಪ್ಯಾನೆಲ್‌ನಲ್ಲಿರುವ ‘ಫೈಲ್ ಹಿಸ್ಟರಿ’ಯನ್ನು ಆನ್ ಮಾಡಿದರೆ, ಎಕ್ಸ್‌ಟರ್ನಲ್ ಡಿಸ್ಕ್ ಜೋಡಿಸಿರುವಾಗ ಅದು ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂಥ ಫೋಲ್ಡರ್‌ಗಳ ಹೊಸ ಪ್ರತಿಗಳನ್ನು ತಾನಾಗಿ ಇಡುತ್ತಾ ಹೋಗುತ್ತದೆ.

ಒಂದು ಎಚ್ಚರಿಕೆ. ಒನ್‌ಡ್ರೈವ್, ಗೂಗಲ್ ಡ್ರೈವ್‌ಗಳು ಕಡತಗಳನ್ನು ಸಿಂಕ್ ಮಾಡುತ್ತವೆ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಅವುಗಳ ಕಸದ ಬುಟ್ಟಿಯಲ್ಲಿ ಕೆಲವು ದಿನ ಉಳಿದಿರುತ್ತದೆ, ಆಮೇಲೆ ಅದೂ ಇಲ್ಲ. ಹಾಗಾಗಿ ಸಿಂಕ್ ಒಂದನ್ನೇ ನಂಬಬೇಡಿ. ಎಕ್ಸ್‌ಟರ್ನಲ್ ಡಿಸ್ಕನ್ನೂ ಬ್ಯಾಕಪ್ ಮುಗಿದ ಮೇಲೆ ತೆಗೆದಿಡಿ. ಕಡತಗಳನ್ನು ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಒಳಬಂದರೆ, ಆ ಹೊತ್ತಿಗೆ ಜೋಡಿಸಿರುವ ಡಿಸ್ಕ್ ಕೂಡ ಅದರ ಕೈಗೆ ಸಿಗುತ್ತದೆ. ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಯಾವುದಾದರೂ ಒಂದು ಕಡತ ತೆಗೆದು, ಅದು ಸರಿಯಾಗಿ ತೆರೆದುಕೊಳ್ಳುತ್ತದೆಯೇ ನೋಡಿ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದಂತೆ.

ಹಂತ 2: ಅಪ್‌ಡೇಟ್ ಮುಂದೂಡಬೇಡಿ

ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಸುರಕ್ಷತೆಯ ಅಪ್‌ಡೇಟ್‌ಗಳನ್ನು ಬಿಡುಗಡೆ ಮಾಡುತ್ತದೆ. 2003ರಿಂದ ಈ ಕ್ರಮ ನಡೆದುಬಂದಿದೆ. ಅಂದರೆ ಯಾವ ವಾರ ಅಪ್‌ಡೇಟ್ ಬರುತ್ತದೆ ಎಂದು ಮೊದಲೇ ಗೊತ್ತು, ಅಲ್ವಾ? ಆ ವಾರದ ಒಂದು ಸಂಜೆ ‘ಸೆಟ್ಟಿಂಗ್ಸ್’ಗೆ ಹೋಗಿ ‘ವಿಂಡೋಸ್ ಅಪ್‌ಡೇಟ್’ ತೆರೆದು, ‘ಚೆಕ್ ಫಾರ್ ಅಪ್‌ಡೇಟ್ಸ್’ ಒತ್ತಿ, ಎಲ್ಲ ಇಳಿದ ಮೇಲೆ ರೀಸ್ಟಾರ್ಟ್ ಮಾಡಿಬಿಡಿ. ನಾವಾಗಿ ಸಮಯ ಕೊಡದಿದ್ದರೆ, ತುರ್ತಾಗಿ ಏನೋ ಕಳಿಸಬೇಕಾದ ಹೊತ್ತಿಗೇ ಅದು ಶುರುವಾಗಿ ಕಾಡುತ್ತದೆ. ಅಲ್ಲೇ ‘ಅಡ್ವಾನ್ಸ್‌ಡ್ ಆಪ್ಷನ್ಸ್’ನಲ್ಲಿ ‘ಆ್ಯಕ್ಟಿವ್ ಅವರ್ಸ್’ ಎಂದಿದೆ. ನೀವು ಕೆಲಸ ಮಾಡುವ ಹೊತ್ತನ್ನು ಅಲ್ಲಿ ತಿಳಿಸಿದರೆ ಆ ಅವಧಿಯಲ್ಲಿ ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ.

ಅಪ್‌ಡೇಟ್ ಬೇಡ ಎಂದು ಆಫ್ ಮಾಡಿಸಿಕೊಳ್ಳುವವರು ಇನ್ನೂ ಇದ್ದಾರೆ. ಅವರಿಗೆ 2017ರ ವಾನಾಕ್ರೈ ದಾಳಿಯನ್ನು ನೆನಪಿಸಬೇಕು. ಆ ವರ್ಷದ ಮೇ 12ರಂದು ಶುರುವಾದ ಆ ರ‍್ಯಾನ್ಸಮ್‌ವೇರ್ ಸುಮಾರು 150 ದೇಶಗಳ ಲಕ್ಷಾಂತರ ಕಂಪ್ಯೂಟರ್‌ಗಳ ಕಡತಗಳಿಗೆ ಬೀಗ ಹಾಕಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟ್ ಮಾರ್ಚ್ 14ರಂದೇ, ಅಂದರೆ ಎರಡು ತಿಂಗಳ ಮುಂಚೆಯೇ, ಬಂದಿತ್ತು. ಅದನ್ನು ಹಾಕಿಕೊಂಡಿದ್ದ ಕಂಪ್ಯೂಟರ್‌ಗಳಿಗೆ ಆ ದಾರಿಯಿಂದ ಅದು ಬರಲಾಗಲಿಲ್ಲ.

ವಿಂಡೋಸ್ 10 ಬಳಸುತ್ತಿದ್ದರೆ ಇನ್ನೊಂದು ಮಾತು. ಅದಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕಂಪ್ಯೂಟರ್ ಎಂದಿನಂತೆ ನಡೆಯುತ್ತದೆ, ಆದರೆ ಮೈಕ್ರೋಸಾಫ್ಟ್‌ನ ಹೆಚ್ಚುವರಿ ಸುರಕ್ಷತಾ ಅಪ್‌ಡೇಟ್ ಯೋಜನೆಗೆ ಸೇರದಿದ್ದರೆ ಹೊಸ ಬಿರುಕುಗಳು ತೆರೆದೇ ಇರುತ್ತವೆ. ‘ಸೆಟ್ಟಿಂಗ್ಸ್’ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ನಿಮ್ಮ ಯಂತ್ರ ವಿಂಡೋಸ್ 11ಕ್ಕೆ ಹೊಂದುತ್ತದೆಯೇ ಎಂದು ತಿಳಿಯುತ್ತದೆ. ಹೊಂದದಿದ್ದರೆ ಆ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮುಂದುವರಿಸುವುದು ನನ್ನ ಮಟ್ಟಿಗೆ ಸರಿಯಲ್ಲ. ವಿಂಡೋಸ್ ಬದಲು ಬಳಸಬಹುದಾದ, ಇನ್ನೂ ಅಪ್‌ಡೇಟ್ ಸಿಗುವ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡರೆ ಹಳೆಯ ಯಂತ್ರಕ್ಕೂ ಕೆಲವು ವರ್ಷ ಬಾಳಿಕೆ ಬರುತ್ತದೆ.

ಬ್ರೌಸರ್ ಅಪ್‌ಡೇಟ್ ಕೂಡ ಅಷ್ಟೇ ಮುಖ್ಯ. ಅದು ತಾನಾಗಿ ಇಳಿದಿರುತ್ತದೆ, ಆದರೆ ಬ್ರೌಸರನ್ನು ಒಮ್ಮೆ ಪೂರ್ತಿ ಮುಚ್ಚಿ ತೆರೆದಾಗಲೇ ಜಾರಿಗೆ ಬರುತ್ತದೆ. ನಲವತ್ತು ಟ್ಯಾಬ್ ತೆರೆದಿಟ್ಟು ತಿಂಗಳುಗಟ್ಟಲೆ ಮುಚ್ಚದವರು ಇದನ್ನು ಗಮನಿಸಬೇಕು.

ಹಂತ 3: ಆನ್ ಆದೊಡನೆ ಏನೇನು ಓಡುತ್ತದೆ ನೋಡಿ

ಟಾಸ್ಕ್ ಮ್ಯಾನೇಜರ್‌ನಲ್ಲಿ ‘ಸ್ಟಾರ್ಟಪ್ ಆ್ಯಪ್ಸ್’ ಎಂಬ ಪುಟವಿದೆ. ಕಂಪ್ಯೂಟರ್ ಆನ್ ಆದ ಕೂಡಲೇ ತಾವೇ ಶುರುವಾಗುವ ಪ್ರೋಗ್ರಾಂಗಳ ಪಟ್ಟಿ ಅದು. ಪ್ರತಿಯೊಂದರ ಮುಂದೆ ‘ಇಂಪ್ಯಾಕ್ಟ್’ ಎಷ್ಟು, ಹೈ ಅಥವಾ ಲೋ, ಎಂದು ಬರೆದಿರುತ್ತದೆ. ವಿಡಿಯೊ ಕರೆಯ ಆ್ಯಪ್, ಗೇಮ್ ಲಾಂಚರ್, ಸಂಗೀತದ ಆ್ಯಪ್ ಹೀಗೆ ದಿನಾ ಬೇಡದವನ್ನು ಆರಿಸಿ ‘ಡಿಸೇಬಲ್’ ಒತ್ತಿ. ಆ್ಯಪ್ ಎಲ್ಲೂ ಹೋಗುವುದಿಲ್ಲ. ನೀವು ಕರೆದಾಗ ಮಾತ್ರ ಬರುತ್ತದೆ, ಅಷ್ಟೇ.

ಟಚ್‌ಪ್ಯಾಡ್, ಆಡಿಯೊ, ಸುರಕ್ಷತೆಗೆ ಸೇರಿದವನ್ನು ಮುಟ್ಟಬೇಡಿ. ಕ್ಲೌಡ್ ಡ್ರೈವ್ ಬಳಸುತ್ತಿದ್ದರೆ ಅದೂ ಇರಲಿ. ಹೆಸರು ನೋಡಿ ಗೊತ್ತಾಗದಿದ್ದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಸರ್ಚ್ ಆನ್‌ಲೈನ್’ ಆರಿಸಿ. ಗೊತ್ತಾಗುವವರೆಗೆ ಅದನ್ನು ಹಾಗೇ ಬಿಡುವುದು ಒಳ್ಳೆಯದು.

ಬ್ರೌಸರ್‌ಗೂ ಇದೇ ಕೆಲಸ ಮಾಡಿ. ಎಕ್ಸ್‌ಟೆನ್ಷನ್‌ಗಳ, ಅಂದರೆ ಬ್ರೌಸರ್‌ಗೆ ಸೇರಿಸಿಕೊಂಡ ಪುಟ್ಟ ಪ್ರೋಗ್ರಾಂಗಳ, ಪಟ್ಟಿ ತೆರೆದು ಬಳಸದವನ್ನು ತೆಗೆದುಹಾಕಿ. ಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರ್‌ಗೆ ವೈರಸ್ ತಗುಲಿದೆ’ ಎಂದು ಪದೇ ಪದೇ ಬರುತ್ತಿದ್ದರೆ, ಹೆಚ್ಚಿನ ಸಲ ಅದು ಯಾವುದೋ ಜಾಲತಾಣದ ನೋಟಿಫಿಕೇಷನ್. ಎಂದೋ ಒಮ್ಮೆ ‘ಅಲೋ’ ಒತ್ತಿದ್ದಕ್ಕೆ ಬರುತ್ತಿರುತ್ತದೆ. ಬ್ರೌಸರ್‌ನ ನೋಟಿಫಿಕೇಷನ್ ಸೆಟ್ಟಿಂಗ್‌ನಲ್ಲಿ ಆ ಜಾಲತಾಣವನ್ನು ಬ್ಲಾಕ್ ಮಾಡಿದರೆ ನಿಲ್ಲುತ್ತದೆ. ಆ ಸಂದೇಶದಲ್ಲಿರುವ ನಂಬರಿಗೆ ಮಾತ್ರ ಯಾವತ್ತೂ ಫೋನ್ ಮಾಡಬೇಡಿ.

ಹಂತ 4: ಡಿಸ್ಕ್‌ನಲ್ಲಿ ಉಸಿರಾಡಲು ಜಾಗ ಬಿಡಿ

ಸಿ ಡ್ರೈವ್ ತುಂಬಿ ಕೆಂಪು ಬಣ್ಣಕ್ಕೆ ತಿರುಗಿದ ಮೇಲೆ ಎಂಥ ಕಂಪ್ಯೂಟರ್ ಆದರೂ ತಡವರಿಸುತ್ತದೆ. ಮೆಮೊರಿ ಸಾಲದಾದಾಗ ವಿಂಡೋಸ್ ಡಿಸ್ಕ್‌ನ ಒಂದು ಭಾಗವನ್ನೇ ಮೆಮೊರಿಯಂತೆ ಬಳಸುತ್ತದೆ. ಅಪ್‌ಡೇಟ್ ಬಿಚ್ಚಿಕೊಳ್ಳಲೂ ಖಾಲಿ ಜಾಗ ಬೇಕು. ಡ್ರೈವ್ ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಬಗೆ) ಆಗಿದ್ದರೆ ಇನ್ನೂ ಒಂದು ಕಾರಣವಿದೆ. ಖಾಲಿ ಬ್ಲಾಕ್‌ಗಳು ಕಡಿಮೆಯಾದಂತೆ ಅದು ಹೊಸದನ್ನು ಬರೆಯುವ ಮುಂಚೆ ಹಳೆಯದನ್ನು ಅತ್ತಿತ್ತ ಸರಿಸಿ ಜಾಗ ಮಾಡಬೇಕಾಗುತ್ತದೆ, ವೇಗ ಇಳಿಯುತ್ತದೆ. ಡ್ರೈವ್‌ನ ಶೇ 15ರಿಂದ 20ರಷ್ಟು ಖಾಲಿ ಇಟ್ಟುಕೊಂಡರೆ ನೆಮ್ಮದಿ.

‘ಸೆಟ್ಟಿಂಗ್ಸ್’, ‘ಸಿಸ್ಟಂ’, ‘ಸ್ಟೋರೇಜ್’ಗೆ ಹೋಗಿ. ಜಾಗವನ್ನು ಯಾವುದು ಎಷ್ಟು ತಿಂದಿದೆ ಎಂದು ಅಲ್ಲಿ ಬಿಡಿಸಿ ತೋರಿಸುತ್ತದೆ. ‘ಟೆಂಪರರಿ ಫೈಲ್ಸ್’ ತೆರೆದರೆ ಅಳಿಸಬಹುದಾದವುಗಳ ಪಟ್ಟಿ ಬರುತ್ತದೆ. ಇಲ್ಲಿ ಅವಸರ ಬೇಡ. ಆ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಎಂಬುದೂ ಇರುತ್ತದೆ. ಅದು ನಿಮ್ಮದೇ ಡೌನ್‌ಲೋಡ್ಸ್ ಫೋಲ್ಡರ್. ಅದಕ್ಕೆ ಗುರುತು ಹಾಕಿ ಅಳಿಸಿದರೆ ಅದರಲ್ಲಿರುವುದೆಲ್ಲ ಹೋಗುತ್ತದೆ. ಬಹಳ ಜನ ಮುಖ್ಯ ಕಾಗದಪತ್ರಗಳನ್ನು ಅಲ್ಲೇ ಬಿಟ್ಟಿರುತ್ತಾರೆ. ಹಾಗಾಗಿ ಆ ಗುರುತು ತೆಗೆದು, ಆ ಫೋಲ್ಡರನ್ನು ಕೈಯಾರೆ ಒಂದೊಂದಾಗಿ ನೋಡಿ ಖಾಲಿ ಮಾಡಿ.

‘ಪ್ರೀವಿಯಸ್ ವಿಂಡೋಸ್ ಇನ್‌ಸ್ಟಾಲೇಷನ್’ ಎಂದು ಹತ್ತಾರು ಜಿಬಿ ಕಾಣಿಸಿದರೆ, ದೊಡ್ಡ ಅಪ್‌ಗ್ರೇಡ್ ಆದ ಮೇಲೆ ಉಳಿದ ಹಳೆಯ ವಿಂಡೋಸ್ ಅದು. ಹೊಸದು ಹಿಡಿಸದಿದ್ದರೆ ಹಿಂದಕ್ಕೆ ಹೋಗಲೆಂದು ಇಟ್ಟಿರುತ್ತದೆ. ಸಾಮಾನ್ಯವಾಗಿ 10 ದಿನಗಳ ನಂತರ ತಾನೇ ಅಳಿದುಹೋಗುತ್ತದೆ.

ಇದೇ ಸ್ಟೋರೇಜ್ ಪುಟದಲ್ಲಿ ‘ಸ್ಟೋರೇಜ್ ಸೆನ್ಸ್’ ಇದೆ. ಆನ್ ಮಾಡಿಟ್ಟರೆ ತಾತ್ಕಾಲಿಕ ಕಡತಗಳನ್ನೂ ಹಳೆಯ ರೀಸೈಕಲ್ ಬಿನ್ ಕಸವನ್ನೂ ಆಗಾಗ ತಾನೇ ತೆಗೆಯುತ್ತದೆ. ಡೌನ್‌ಲೋಡ್ಸ್ ಆಯ್ಕೆಯನ್ನು ಮಾತ್ರ ‘ನೆವರ್’ ಎಂದೇ ಇಡಿ.

ನಿಜವಾಗಿ ಜಾಗ ಉಳಿಯುವುದು ದೊಡ್ಡ ವಸ್ತುಗಳಿಂದ. ‘ಇನ್‌ಸ್ಟಾಲ್ಡ್ ಆ್ಯಪ್ಸ್’ ಪಟ್ಟಿಯನ್ನು ಗಾತ್ರದ ಪ್ರಕಾರ ಜೋಡಿಸಿ. ವರ್ಷದಿಂದ ತೆರೆಯದ ಆಟ, ಟ್ರಯಲ್ ಮುಗಿದ ಸಾಫ್ಟ್‌ವೇರ್ ಮೇಲೆಯೇ ಸಿಗುತ್ತವೆ. ವಿಡಿಯೊಗಳನ್ನು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಸಾಗಿಸಿ. ಒಂದು ಗಂಟೆಯ ವಿಡಿಯೊ ತೆಗೆದರೆ ಸಿಗುವ ಜಾಗ ಜಾಲತಾಣಗಳು ಇಟ್ಟುಹೋಗುವ ಸಾವಿರಾರು ಪುಟ್ಟ ಕುಕೀ ಕಡತಗಳನ್ನು ಅಳಿಸಿದರೂ ಸಿಗುವುದಿಲ್ಲ.

ಕೆಲವು ಜಾಗಗಳಿಗೆ ಕೈ ಹಾಕಬಾರದು. ವಿಂಡೋಸ್ ಫೋಲ್ಡರ್ ಒಳಗೆ ‘ವಿನ್‌ಎಸ್‌ಎಕ್ಸ್‌ಎಸ್’ ಎಂಬುದೊಂದಿದೆ. ನೋಡಲು ಭಾರೀ ಗಾತ್ರ. ಆದರೆ ಅದರಲ್ಲಿರುವ ಎಷ್ಟೋ ಕಡತಗಳು ಬೇರೆ ಫೋಲ್ಡರ್‌ಗಳಲ್ಲೂ ಕಾಣಿಸುವ ಅದೇ ಕಡತಗಳು. ಡಿಸ್ಕ್‌ನಲ್ಲಿ ಒಂದೇ ಪ್ರತಿ ಇದ್ದರೂ ಎರಡೂ ಕಡೆ ಎಣಿಕೆಯಾಗುತ್ತದೆ. ಅದನ್ನು ಕೈಯಾರೆ ಅಳಿಸಿದರೆ ವಿಂಡೋಸ್ ಏಳದೇ ಹೋಗಬಹುದು. ‘ಪ್ರೀಫೆಚ್’ ಫೋಲ್ಡರ್ ಖಾಲಿ ಮಾಡಿದರೆ ವೇಗ ಹೆಚ್ಚುತ್ತದೆ ಎಂಬ ಸಲಹೆಯೂ ಬಹಳ ಓಡಾಡುತ್ತದೆ. ನಡೆಯುವುದು ಅದರ ತಿರುಗು ಮುರುಗು. ಯಾವ ಪ್ರೋಗ್ರಾಂ ತೆರೆಯಲು ಯಾವ ಕಡತಗಳು ಬೇಕು ಎಂದು ವಿಂಡೋಸ್ ಅಲ್ಲಿ ಗುರುತು ಹಾಕಿಕೊಂಡಿರುತ್ತದೆ. ಅಳಿಸಿದರೆ ಮತ್ತೆ ಮೊದಲಿನಿಂದ ಕಲಿಯಬೇಕು.

ಹಂತ 5: ಹಾರ್ಡ್ ಡಿಸ್ಕೋ, ಎಸ್‌ಎಸ್‌ಡಿಯೋ?

ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ‘ಡಿಸ್ಕ್’ ಪಕ್ಕದಲ್ಲೇ ಬರೆದಿರುತ್ತದೆ. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ತಿರುಗುವ ತಟ್ಟೆ, ಓಡಾಡುವ ಮುಳ್ಳು ಇರುತ್ತವೆ. ಕಡತ ತುಂಡು ತುಂಡಾಗಿ ಹರಡಿದ್ದರೆ ಮುಳ್ಳು ಜಾಸ್ತಿ ಓಡಾಡಬೇಕು. ಅದಕ್ಕೆ ಡಿಫ್ರಾಗ್, ಅಂದರೆ ಆ ತುಂಡುಗಳನ್ನು ಒಟ್ಟಿಗೆ ಜೋಡಿಸುವ ಕೆಲಸ, ಬೇಕು. ಎಸ್‌ಎಸ್‌ಡಿಯಲ್ಲಿ ಓಡಾಡುವ ಭಾಗವೇ ಇಲ್ಲ. ಅದಕ್ಕೆ ಬೇಕಿರುವುದು ‘ಟ್ರಿಮ್’, ಅಂದರೆ ಅಳಿಸಿದ ಕಡತಗಳ ಜಾಗ ಖಾಲಿಯಾಗಿದೆ ಎಂದು ಡ್ರೈವ್‌ಗೆ ತಿಳಿಸುವುದು. 2009ರ ವಿಂಡೋಸ್ 7ರಿಂದ ಇದು ಇದೆ. ಇಂದಿನ ವಿಂಡೋಸ್ ಡ್ರೈವ್ ಯಾವ ಬಗೆಯದೆಂದು ತಾನೇ ಗುರುತಿಸಿ, ವಾರಕ್ಕೊಮ್ಮೆ ಅದಕ್ಕೆ ತಕ್ಕ ಕೆಲಸ ಮಾಡುತ್ತದೆ. ‘ಆಪ್ಟಿಮೈಜ್ ಡ್ರೈವ್ಸ್’ ಎಂದು ಹುಡುಕಿ ತೆರೆದು, ವೇಳಾಪಟ್ಟಿ ಆನ್ ಇದೆಯೇ ನೋಡಿದರೆ ಸಾಕು. ಎಸ್‌ಎಸ್‌ಡಿಗೆ ಬೇರೆ ಡಿಫ್ರಾಗ್ ಸಾಫ್ಟ್‌ವೇರ್ ಹಾಕಿ ಓಡಿಸಬೇಡಿ. ಸುಮ್ನೆ ಅದರ ಆಯಸ್ಸು ಸವೆಯುತ್ತದೆ.

ಹಾರ್ಡ್ ಡಿಸ್ಕ್‌ನಿಂದ ಟಿಕ್ ಟಿಕ್ ಎಂಬ ಹೊಸ ಸದ್ದು ಬರುತ್ತಿದ್ದರೆ ಉಳಿದ ಹಂತಗಳನ್ನೆಲ್ಲ ಬಿಟ್ಟು ಮೊದಲು ಕಡತಗಳನ್ನು ಹೊರಗೆ ತೆಗೆದುಕೊಳ್ಳಿ.

ಹಂತ 6: ಕ್ಲೀನರ್, ಬೂಸ್ಟರ್‌ಗಳಿಂದ ದೂರವಿರಿ

ಇದನ್ನು ಒತ್ತಿ ಹೇಳಬೇಕು. ರಿಜಿಸ್ಟ್ರಿ ಕ್ಲೀನರ್‌ಗಳಿಂದ ವೇಗ ಹೆಚ್ಚುವುದಿಲ್ಲ. ರಿಜಿಸ್ಟ್ರಿ ಎಂದರೆ ವಿಂಡೋಸ್ ಮತ್ತು ಪ್ರೋಗ್ರಾಂಗಳ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ. ಅದರಲ್ಲಿ ಲಕ್ಷಗಟ್ಟಲೆ ನಮೂದುಗಳಿರುತ್ತವೆ, ಅದರಲ್ಲಿ ಕೆಲವು ನೂರು ಬೇಡದವು ಇದ್ದರೆ ವ್ಯತ್ಯಾಸ ತಿಳಿಯುವುದೇ ಇಲ್ಲ. ಆದರೆ ಬೇಕಾದ ಒಂದೇ ನಮೂದು ಹೋದರೆ ಯಾವುದೋ ಪ್ರೋಗ್ರಾಂ ಅಥವಾ ಇಡೀ ವಿಂಡೋಸ್ ಕೆಡಬಹುದು. ಇಂಥ ಸಾಧನಗಳ ಬಳಕೆಗೆ ತನ್ನ ಬೆಂಬಲವಿಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಸುರಕ್ಷತೆಯ ಪ್ರಶ್ನೆಯೂ ಇದೆ. 2017ರಲ್ಲಿ ತುಂಬಾ ಜನಪ್ರಿಯವಾಗಿದ್ದ ಸಿಕ್ಲೀನರ್‌ನ 5.33 ಆವೃತ್ತಿಯೊಳಗೆ ದಾಳಿಕೋರರು ಕೆಟ್ಟ ಕೋಡ್ ಸೇರಿಸಿದ್ದರು. ಅದು ಅಧಿಕೃತ ಡೌನ್‌ಲೋಡ್ ಮೂಲಕವೇ 20 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳನ್ನು ತಲುಪಿತು.

ರ‍್ಯಾಮ್ ಬೂಸ್ಟರ್‌ಗಳ ಕತೆಯೂ ಬೇರೆಯಲ್ಲ. ಖಾಲಿ ಇರುವ ರ‍್ಯಾಮ್‌ನಲ್ಲಿ, ಅಂದರೆ ಮೆಮೊರಿಯಲ್ಲಿ, ವಿಂಡೋಸ್ ನಿಮಗೆ ಮತ್ತೆ ಬೇಕಾಗಬಹುದಾದ ಮಾಹಿತಿ ಇಟ್ಟುಕೊಳ್ಳುತ್ತದೆ. ಪ್ರೋಗ್ರಾಂ ಕೇಳಿದ ಕ್ಷಣ ಬಿಟ್ಟುಕೊಡುತ್ತದೆ. ಬೂಸ್ಟರ್ ಅದನ್ನೆಲ್ಲ ಹೊರದಬ್ಬಿ, ಅಂಕಿ ಕಡಿಮೆಯಾಗಿದೆ ಎಂದು ತೋರಿಸುತ್ತದೆ. ಮುಂದಿನ ಸಲ ಆ ಮಾಹಿತಿ ಡಿಸ್ಕ್‌ನಿಂದ ಮತ್ತೆ ಬರಬೇಕು, ಹಾಗಾಗಿ ಇನ್ನೂ ನಿಧಾನ. ಡ್ರೈವರ್ ಅಪ್‌ಡೇಟರ್‌ಗಳೂ ಬೇಡ. ಡ್ರೈವರ್ ಬೇಕಾದರೆ ವಿಂಡೋಸ್ ಅಪ್‌ಡೇಟ್ ಅಥವಾ ಯಂತ್ರ ತಯಾರಿಸಿದವರ ಜಾಲತಾಣ ಸಾಕು.

ಆ್ಯಂಟಿವೈರಸ್ ಒಂದೇ ಇರಲಿ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಮನೆ ಬಳಕೆಗೆ ಸಾಕು ಎಂಬುದು ನನ್ನ ಅಭಿಪ್ರಾಯ. ಎರಡೆರಡು ಹಾಕಿ, ಎರಡೂ ಸದಾ ಕಾವಲಿದ್ದರೆ ನೀವು ತೆರೆಯುವ ಪ್ರತಿ ಕಡತವನ್ನೂ ಎರಡೂ ಪರೀಕ್ಷಿಸುತ್ತವೆ.

ಹಂತ 7: ವಿಂಡೋಸ್‌ನದೇ ದುರಸ್ತಿ ಆದೇಶಗಳು

ಇದು ಪ್ರತಿ ವಾರದ ಕೆಲಸವಲ್ಲ. ಸ್ಟಾರ್ಟ್ ಮೆನು ತೆರೆಯದಿರುವುದು, ಅಪ್‌ಡೇಟ್ ಪದೇ ಪದೇ ವಿಫಲವಾಗುವುದು, ನೀಲಿ ಪರದೆ ಬರುವುದು ಇಂಥ ಲಕ್ಷಣ ಕಂಡಾಗ ಮಾತ್ರ ಮಾಡಿ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಟರ್ಮಿನಲ್ ಅಡ್ಮಿನ್’ ಆರಿಸಿ. ಇಂಗ್ಲಿಷ್ ಅಕ್ಷರಗಳಲ್ಲಿ ಹೀಗೆ ಟೈಪ್ ಮಾಡಿ: ಡಿಐಎಸ್‌ಎಂ, ಸ್ಪೇಸ್, ಸ್ಲ್ಯಾಶ್ ಆನ್‌ಲೈನ್, ಸ್ಪೇಸ್, ಸ್ಲ್ಯಾಶ್ ಕ್ಲೀನಪ್ ಹೈಫನ್ ಇಮೇಜ್, ಸ್ಪೇಸ್, ಸ್ಲ್ಯಾಶ್ ರಿಸ್ಟೋರ್‌ಹೆಲ್ತ್ (DISM /Online /Cleanup-Image /RestoreHealth). ಕೊನೆಯ ಪದದ ನಡುವೆ ಸ್ಪೇಸ್ ಇಲ್ಲ. ಇದು ದುರಸ್ತಿಗೆ ಬೇಕಾದ ಮೂಲ ಕಡತಗಳನ್ನು ಸರಿಪಡಿಸುತ್ತದೆ, ಇಂಟರ್ನೆಟ್ ಬೇಕು. ನಡುವೆ ಎಷ್ಟೋ ಹೊತ್ತು ನಿಂತಂತೆ ಕಾಣಬಹುದು, ಮುಚ್ಚಬೇಡಿ.

ಅದು ಮುಗಿದ ಮೇಲೆ ಎರಡನೆಯದು: ಎಸ್‌ಎಫ್‌ಸಿ, ಸ್ಪೇಸ್, ಸ್ಲ್ಯಾಶ್ ಸ್ಕ್ಯಾನ್‌ನೌ (sfc /scannow). ಇದು ಸಿಸ್ಟಂ ಕಡತಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕೆಟ್ಟದ್ದರ ಜಾಗಕ್ಕೆ ಸರಿಯಾದ ಪ್ರತಿ ಇಡುತ್ತದೆ. ಇದೇ ಕ್ರಮದಲ್ಲಿ ಮಾಡುವುದಕ್ಕೆ ಕಾರಣವಿದೆ. ಎರಡನೆಯ ಆದೇಶ ಬಳಸುವ ಮೂಲ ಪ್ರತಿಗಳನ್ನು ಮೊದಲನೆಯದು ಸರಿ ಮಾಡಿಟ್ಟಿರುತ್ತದೆ.

ಹಂತ 8: ದೂಳು ಮತ್ತು ಬಿಸಿ

ಪ್ರೊಸೆಸರ್ ಜಾಸ್ತಿ ಬಿಸಿಯಾದರೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಸಾಫ್ಟ್‌ವೇರ್ ಎಷ್ಟು ಸರಿಯಿದ್ದರೂ ಆಗ ಕಂಪ್ಯೂಟರ್ ನಿಧಾನವೇ. ಲ್ಯಾಪ್‌ಟಾಪನ್ನು ಹಾಸಿಗೆ, ದಿಂಬಿನ ಮೇಲಿಟ್ಟು ಬಳಸಿದರೆ ಗಾಳಿಯ ಕಿಂಡಿ ಮುಚ್ಚುತ್ತದೆ. ಕೆಲವು ತಿಂಗಳಿಗೊಮ್ಮೆ ಕರೆಂಟ್ ತೆಗೆದು, ಪೂರ್ತಿ ಆಫ್ ಮಾಡಿ, ಕಿಂಡಿಗಳ ದೂಳನ್ನು ಗಾಳಿಯ ಡಬ್ಬಿ ಅಥವಾ ಸಣ್ಣ ಬ್ಲೋವರ್‌ನಿಂದ ಊದಿ ತೆಗೆಯಿರಿ. ಡೆಸ್ಕ್‌ಟಾಪ್ ತೆರೆದಿದ್ದರೆ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದುಕೊಳ್ಳಿ.

ಮ್ಯಾಕ್, ಲಿನಕ್ಸ್ ಬಳಸುವವರಿಗೆ

ಕ್ರಮ ಇದೇ, ಹೆಸರುಗಳು ಬೇರೆ. ಮ್ಯಾಕ್‌ನಲ್ಲಿ ಬ್ಯಾಕಪ್‌ಗೆ ‘ಟೈಮ್ ಮಷೀನ್’ ಇದೆ. ಸ್ಟಾರ್ಟಪ್ ಆ್ಯಪ್‌ಗಳು ‘ಸಿಸ್ಟಂ ಸೆಟ್ಟಿಂಗ್ಸ್’ನ ‘ಜನರಲ್’ ಒಳಗೆ ‘ಲಾಗಿನ್ ಐಟಮ್ಸ್’ ಎಂಬಲ್ಲಿ ಸಿಗುತ್ತವೆ. ಉಬುಂಟುವಿನಂಥ ಲಿನಕ್ಸ್‌ನಲ್ಲಿ ‘ಸಾಫ್ಟ್‌ವೇರ್ ಅಪ್‌ಡೇಟರ್’ ಒಂದೇ ಸಲಕ್ಕೆ ಸಿಸ್ಟಂ ಮತ್ತು ಅದರ ಜೊತೆ ಬಂದ ಪ್ರೋಗ್ರಾಂಗಳನ್ನು ಹೊಸದಾಗಿಸುತ್ತದೆ.

ಇಷ್ಟೆಲ್ಲ ಮಾಡಿಯೂ ನಿಧಾನವೇ ಇದ್ದರೆ

ನಿಧಾನವಾಗಿರುವ ಹೊತ್ತಿನಲ್ಲೇ ಟಾಸ್ಕ್ ಮ್ಯಾನೇಜರ್ ತೆರೆದು ಯಾವುದು ಶೇ 100ಕ್ಕೆ ಮುಟ್ಟಿದೆ ನೋಡಿ. ಮೆಮೊರಿ ಸದಾ ತುಂಬಿದ್ದರೆ ರ‍್ಯಾಮ್ ಹೆಚ್ಚಿಸಬೇಕು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಎಂದು ಹೇಳಿದ್ದರೂ ಹತ್ತಾರು ಟ್ಯಾಬ್ ತೆರೆಯುವವರಿಗೆ 8 ಜಿಬಿಯಾದರೂ ಬೇಕು. ಹಳೆಯ ಹಾರ್ಡ್ ಡಿಸ್ಕ್ ಇದ್ದು, ಡಿಸ್ಕ್ ಶೇ 100ರಲ್ಲೇ ನಿಂತಿದ್ದರೆ ಅದರ ಬದಲು ಎಸ್‌ಎಸ್‌ಡಿ ಹಾಕಿಸಿ. ಹಳೆಯ ಕಂಪ್ಯೂಟರ್‌ಗೆ ಇದಕ್ಕಿಂತ ಕಣ್ಣಿಗೆ ಕಾಣುವ ಸುಧಾರಣೆ ಇನ್ನೊಂದಿಲ್ಲ.

ಯಾವುದೂ ತುಂಬಿಲ್ಲ, ಆದರೂ ತೊಂದರೆ ಹೋಗುತ್ತಿಲ್ಲ ಎಂದಾದರೆ ಕೊನೆಯದಾಗಿ ‘ಸೆಟ್ಟಿಂಗ್ಸ್’, ‘ಸಿಸ್ಟಂ’, ‘ರಿಕವರಿ’ಯಲ್ಲಿ ‘ರೀಸೆಟ್ ದಿಸ್ ಪಿಸಿ’ ಇದೆ. ‘ಕೀಪ್ ಮೈ ಫೈಲ್ಸ್’ ಆರಿಸಿದರೆ ನಿಮ್ಮ ಕಡತಗಳು ಉಳಿಯುತ್ತವೆ, ನೀವು ಹಾಕಿಕೊಂಡ ಪ್ರೋಗ್ರಾಂಗಳು ಹೋಗುತ್ತವೆ. ಹಾಗಿದ್ದರೂ ಬ್ಯಾಕಪ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ. ಲೈಸೆನ್ಸ್ ಕೀ ಬೇಕಾದ ಸಾಫ್ಟ್‌ವೇರ್ ಇದ್ದರೆ ಕೀಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ‘ಕ್ಲೌಡ್ ಡೌನ್‌ಲೋಡ್’ ಆರಿಸಿದರೆ 4 ಜಿಬಿಗೂ ಹೆಚ್ಚು ಡೇಟಾ ಬೇಕಾಗಬಹುದು, ಮೊಬೈಲ್ ಡೇಟಾದಲ್ಲಿರುವವರು ‘ಲೋಕಲ್ ರೀಇನ್‌ಸ್ಟಾಲ್’ ಆರಿಸಬಹುದು. ಚಾರ್ಜರ್ ಹಾಕಿಯೇ ಶುರು ಮಾಡಿ, ನಡುವೆ ಆಫ್ ಮಾಡಬೇಡಿ. ಮುಗಿದ ಮೇಲೆ ತೆಗೆದುಹಾಕಿದ ಪ್ರೋಗ್ರಾಂಗಳ ಪಟ್ಟಿಯೊಂದು ಡೆಸ್ಕ್‌ಟಾಪ್‌ನಲ್ಲಿ ಸಿಗುತ್ತದೆ. ಮೊದಲು ವಿಂಡೋಸ್ ಅಪ್‌ಡೇಟ್ ಪೂರ್ತಿ ಮುಗಿಸಿ ರೀಸ್ಟಾರ್ಟ್ ಮಾಡಿ. ಆಮೇಲೆ ಆ ಪಟ್ಟಿ ಹಿಡಿದು, ಬೇಕಾದವನ್ನು ಒಂದೊಂದಾಗಿ ಹಾಕುತ್ತಾ ಬನ್ನಿ. ಪ್ರತಿಯೊಂದರ ನಂತರ ಒಂದು ದಿನ ಬಳಸಿ ನೋಡಿದರೆ, ನಿಧಾನಕ್ಕೆ ಕಾರಣವಾದದ್ದು ಯಾವುದು ಎಂಬುದೂ ಸಿಕ್ಕಿಬೀಳುತ್ತದೆ.